ನಡುವೆ ಒಂದು, ಸುತ್ತ ಆರು

ಕಂದಿಕೆರೆ ಕಡೆಯ ಸೀಗೇಪಾಳ್ಯದಲ್ಲಿ ತೆಂಗು ನಂಬಿ ಬದುಕಿದ್ದ ಕರಿಬಸವಯ್ಯನವರಿಗೆ ಸಾಲಾಗಿ ಐದು ಹೆಣ್ಣು ಹುಟ್ಟಿದಾಗ ಊರಿನವರು ಬಂದು ಸಮಾಧಾನ ಹೇಳಿದ್ದರು. ಆರನೆಯದೂ ಹೆಣ್ಣಾದಾಗ ಊರಿನವರಿಗೂ ಮಾತು ಮುಗಿದುಹೋಗಿತ್ತು. ಅಜ್ಜಿ ಬಾಣಂತಿ ಕೋಣೆಗೆ ಇಣುಕಿದಳು, ಮಗುವಿನ ಮುಖ ಕೂಡ ಸರಿಯಾಗಿ ನೋಡಲಿಲ್ಲ, ನಿಂತ ನಿಲುವಿನಲ್ಲೇ ಹೆಸರಿಟ್ಟುಬಿಟ್ಟಳು. ಸಾಕಮ್ಮ. ಹೆಣ್ಣು ಸಾಕಪ್ಪಾ ಎಂದು ದೇವರಿಗೆ ಹೇಳಿ ಕಳಿಸುವ ಹೆಸರು. ದೇವರಿಗೂ ಕೇಳಿಸಿತೋ ಏನೋ, ಎರಡು ವರ್ಷಕ್ಕೆ ಗಂಡು ಹುಟ್ಟಿತು. ಆ ರೇವಣಸಿದ್ದಯ್ಯ ಭೂಮಿಗೆ ಬಂದದ್ದೇ ತಾನಿಟ್ಟ ಹೆಸರಿನ ಪುಣ್ಯದಿಂದ ಎಂದು ಅಜ್ಜಿ ಸಾಯುವ ತನಕ ಹೇಳಿಕೊಂಡು ತಿರುಗಿದಳು. ಹೆಸರು ಹೊತ್ತವಳಿಗೆ ಹೇಗನ್ನಿಸುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಸಾಕಮ್ಮ ಏಳೆಂಟು ವರ್ಷದವಳಿದ್ದಾಗ ಹುಳಿಯಾರಿನಿಂದ ಯಾರೋ ನೆಂಟರು ಬಂದರು. ಮಕ್ಕಳೆಷ್ಟು ಎಂದು ಅವರು ಕೇಳಿದ್ದಕ್ಕೆ ಅಜ್ಜಿ, ಐದು ಹೆಣ್ಣು, ಒಂದು ಗಂಡು, ಇದೊಂದು ಹೆಚ್ಚಿಗೆ ಎಂದು ಸಾಕಮ್ಮನ ಕಡೆ ಗದ್ದ ತಿರುಗಿಸಿದಳು. ಅಪ್ಪ ಪಕ್ಕದಲ್ಲೇ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಅಜ್ಜಿಯ ಮಾತಿಗಿಂತ ಅಪ್ಪ ಸುಮ್ಮನಿದ್ದದ್ದೇ ಹುಡುಗಿಗೆ ಹೆಚ್ಚು ಚುಚ್ಚಿತು. ಅವಳು ಏಣಿ ಹತ್ತಿ ಅಟ್ಟ ಸೇರಿದಳು. ವರ್ಷವಿಡೀ ಕಾಯಿ ಒಣಗುವ ಆ ಅಟ್ಟದ ಮೂಲೆಯಲ್ಲಿ ಚಿಪ್ಪು ಬಿಡಿಸಿದ ಉಂಡೆ ಕೊಬ್ಬರಿಯ ಗುಡ್ಡೆ ಇತ್ತು. ಅದರ ಹಿಂದೆ ಮುಖ ಮುಚ್ಚಿಕೊಂಡು ಕೂತಳು.

ಹುಡುಕಿಕೊಂಡು ಬಂದ ಅವ್ವ ಕಲ್ಲಮ್ಮ ಮುದ್ದು ಮಾಡಲಿಲ್ಲ. ಮುದ್ದಿಗೆ ಬಿಡುವಿದ್ದ ಮನೆಯಲ್ಲ ಅದು. ಗುಡ್ಡೆಯಿಂದ ಒಂದೇ ಅಳತೆಯ ಕೊಬ್ಬರಿ ಆರಿಸಿ, ಒಂದನ್ನು ಹಲಗೆಯ ಮೇಲೆ ನಡುವೆ ಇಟ್ಟು, ಮಿಕ್ಕವನ್ನು ಅದಕ್ಕೆ ತಾಗಿಸಿ ಸುತ್ತಲೂ ಜೋಡಿಸು ಎಂದಳು. ಹುಡುಗಿ ಮೂಗು ಒರೆಸಿಕೊಳ್ಳುತ್ತ ಜೋಡಿಸಿದಳು. ಐದು ಇಟ್ಟಾಗ ಒಂದು ಕಡೆ ಬಾಯಿ ತೆರೆದುಕೊಂಡಿತ್ತು. ಆರನೆಯದು ಆ ಜಾಗಕ್ಕೆ ಕೂತಿತು, ಅತ್ತ ಇತ್ತ ಅಲುಗಾಡದ ಹಾಗೆ. ಏಳನೆಯದಕ್ಕೆ ಎಲ್ಲೂ ಜಾಗವಿರಲಿಲ್ಲ.

"ನಡುವೆ ಇರೋಳು ನಾನು. ಸುತ್ತ ಇರೋರು ನೀವು. ಐದೇ ಆಗಿದ್ರೆ ಇಲ್ಲಿ ಸಂದು ಬೀಳ್ತಿತ್ತು ಕಣೇ. ನೀನು ಬಂದೆ, ಮುಚ್ಕೋತು" ಎಂದಳು ಅವ್ವ. ಹೇಳಿ, ಕಾಯಿ ತಿರುವಿ ಹಾಕಲು ಹೋದಳು.

ಅಂದಿನಿಂದ ಆರು ಎಂಬ ಸಂಖ್ಯೆ ಸಾಕಮ್ಮನ ಸ್ವಂತ ಆಸ್ತಿಯಾಯಿತು.

ಹಟ ಹಿಡಿದು ಓದಿದಳು. ತುಮಕೂರಿನ ನೆಂಟರ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡು ಹೈಸ್ಕೂಲು ಮುಗಿಸಿದಳು, ಟೀಚರ್ ಟ್ರೈನಿಂಗ್ ಮಾಡಿದಳು, ಹುಟ್ಟಿದೂರಿನ ಮಿಡ್ಲ್ ಸ್ಕೂಲಿಗೇ ಟೀಚರಾಗಿ ಬಂದಳು. ಅದೇ ಊರಿನಲ್ಲಿ ಅಂಗಡಿ ಇಟ್ಟಿದ್ದ ತೋಂಟದಾರ್ಯನನ್ನು ಮದುವೆಯಾದಳು. ಇಷ್ಟರ ನಡುವೆ ಎಲ್ಲೆಲ್ಲಿ ಆರು ಕಂಡರೂ ಬಾಚಿಕೊಂಡು ಬಂದಳು. ಜೇನುಗೂಡು ತಂದು, ಒಂದೊಂದು ಮನೆಗೂ ಆರು ಗೋಡೆ ನೋಡಿ, ಆರು ಗೋಡೆಯಾದರೆ ಮೇಣ ಕಮ್ಮಿ ಖರ್ಚು, ಸಂದಿಯಿಲ್ಲ ಎಂದು ಮಕ್ಕಳಿಗೆ ತೋರಿಸಿದಳು. ಇರುವೆಗೆ ಆರು ಕಾಲು, ಚಿಟ್ಟೆಗೆ ಆರು ಕಾಲು. ಜೇಡಕ್ಕೆ ಎಂಟಲ್ವಾ ಟೀಚರ್ ಎಂದು ಯಾವನೋ ಕೇಳಿದ್ದಕ್ಕೆ, ಅದು ಕೀಟದ ಜಾತಿಗೇ ಸೇರಿದ್ದಲ್ಲ, ಅದರ ಸುದ್ದಿ ಬೇಡ ಎಂದು ಕೂರಿಸಿದಳು. ಒಂದು ಎರಡು ಮೂರು ಕೂಡಿದರೂ ಆರು, ಗುಣಿಸಿದರೂ ಆರು ಎಂಬುದನ್ನು ಅವಳ ಕೈಯಲ್ಲಿ ಕಲಿತ ಯಾರೂ ಮರೆತಿರಲಾರರು. ಇಸ್ತ್ರಿ ಪೆಟ್ಟಿಗೆಗೆ ಹಾಕುವ ತೆಂಗಿನ ಚಿಪ್ಪಿನ ಇದ್ದಿಲು ಕೂಡ ಇಂಗಾಲವೇ, ಇಂಗಾಲದ ಪರಮಾಣು ಸಂಖ್ಯೆ ಆರು ಎಂದು ತಿಳಿದ ದಿನ ಗಂಡನ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿದಳಂತೆ. ಹಿಮ ಎಂಬುದನ್ನು ಸೀಗೇಪಾಳ್ಯ ಕಂಡಿದ್ದಿಲ್ಲ, ಕಾಣುವುದೂ ಇಲ್ಲ. ಆದರೂ ಹಿಮದ ಹರಳಿಗೆ ಆರು ತೋಳು ಎಂದು ಯಾವುದೋ ಪುಸ್ತಕದ ಚಿತ್ರ ಹಿಡಿದು ಊರಿನ ಅರ್ಧ ಮನೆಗಳಿಗೆ ತೋರಿಸಿ ಬಂದಳು.

ಋತು ಆರು, ರುಚಿ ಆರು, ಷಣ್ಮುಖನಿಗೆ ಮುಖ ಆರು, ಭಕ್ತನಿಂದ ಐಕ್ಯದವರೆಗೆ ಷಟ್‌ಸ್ಥಲ ಆರು. ಇವೆಲ್ಲ ಅವಳಿಗೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಒಮ್ಮೆ ಮಠದ ಸ್ವಾಮಿಗಳು ಬಂದು ಪಂಚಾಕ್ಷರಿಯ ಮೇಲೆ ಪ್ರವಚನ ಮಾಡುತ್ತಿದ್ದಾಗ ಹೆಂಗಸರ ನಡುವಿನಿಂದ ಎದ್ದು, ಮುಂದೆ ಓಂಕಾರ ಸೇರಿದರೆ ಷಡಕ್ಷರಿ ಅಲ್ಲವೇ ಬುದ್ಧಿ ಎಂದು ಕೇಳಿದಳು. ಕರಿಬಸವಯ್ಯನವರು ನಾಚಿಕೆಯಿಂದ ತಲೆ ತಗ್ಗಿಸಿದರು. ಸ್ವಾಮಿಗಳು ನಕ್ಕು, ಹೌದು ತಾಯಿ, ಷಡಕ್ಷರಿಯೇ ಎಂದರು. ವಾರಕ್ಕೆ ಏಳು ದಿನವಲ್ಲವೇ ಎಂದು ತೋಂಟದಾರ್ಯ ಕೆಣಕಿದರೆ, ಒಂದು ದಿನ ರಜ ಎಂದಳು. ಕಾಮ ಕ್ರೋಧಗಳೂ ಸೇರಿ ಮನುಷ್ಯನ ಶತ್ರುಗಳೂ ಆರೇ ಎಂದು ಅವನು ಇನ್ನೊಂದು ಸಲ ಕೆಣಕಿದ. ಶತ್ರುಗಳಾದರೂ ಒಳ್ಳೆಯ ಲೆಕ್ಕ ಹಿಡಿದಿದ್ದಾರೆ ಎಂದಳು. ಊರು ಅವಳನ್ನು ಆರಮ್ಮ ಟೀಚರ್ ಎಂದು ಕರೆಯತೊಡಗಿತು. ಅವಳಿಗೆ ಕೋಪ ಬರುತ್ತದೆಂದು ಹಾಗೆ ಕರೆದರು. ಅವಳೋ ಹಿಗ್ಗಿಹೋದಳು, ಹುಟ್ಟಿದಾಗ ಇಟ್ಟ ಹೆಸರಿಗಿಂತ ಅದೇ ಮೇಲು ಎಂದು.

ಎಲ್ಲಕ್ಕಿಂತ ದೊಡ್ಡ ಗೆಲುವು ಮರದ ಕೆಳಗೇ ಬಿದ್ದಿತ್ತು. ತೆಂಗಿನ ಹೊಂಬಾಳೆಯಿಂದ ಉದುರುವ ಪುಟ್ಟ ಹೂವನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಿದಳು. ಎಸಳು ಆರು, ಒಳಗೆ ಕೇಸರ ಆರು. ಕಾಯಿಗೆ ಕಣ್ಣು ಮೂರೇ ಎಂದು ತಮ್ಮ ರೇವಣಸಿದ್ದಯ್ಯ ಆಡಿಕೊಳ್ಳುತ್ತಿದ್ದ. ಹೂವು ಹಿಡಿದು ಹೋಗಿ ಅವನ ಮೂಗಿನ ಕೆಳಗೆ ಇಟ್ಟು ಬಂದಳು.

ಹೀಗಿರುವಾಗ ಎಪ್ಪತ್ತೇಳನೇ ಇಸವಿಯಲ್ಲಿ ಕಲ್ಲಮ್ಮನಿಗೆ ಹೊಟ್ಟೆಯ ಕಾಯಿಲೆ ಬಂದು ತುಮಕೂರಿನಲ್ಲಿ ಆಪರೇಷನ್ ಆಗಬೇಕಾಯಿತು. ಬದುಕುವುದು ಕಷ್ಟ ಎಂದು ಡಾಕ್ಟರು ಹೇಳಿದ ದಿನ ಕರಿಬಸವಯ್ಯನವರು ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು, ಕೊರಳಿನ ಲಿಂಗವನ್ನು ಕೈಗೆ ತೆಗೆದುಕೊಂಡು ಹರಕೆ ಹೊತ್ತರು. ಇವಳು ಎದ್ದು ಮನೆಗೆ ಬಂದರೆ ರಸ್ತೆ ಪಕ್ಕದ ಎರಡು ಎಕರೆಯಲ್ಲಿ ನೂರೊಂದು ತೆಂಗಿನ ಸಸಿ ನೆಟ್ಟು, ತೋಟವನ್ನು ಊರಿಗೆ ಬರಲಿರುವ ಹೈಸ್ಕೂಲಿಗೆ ಬಿಟ್ಟುಕೊಡುತ್ತೇನೆ ಎಂದರು. ಸೀಗೇಪಾಳ್ಯಕ್ಕೆ ಆಗ ಹೈಸ್ಕೂಲು ಇರಲಿಲ್ಲ. ಜಾಗ ಕೊಡುವ ಊರಿಗೆ ಕೊಡುತ್ತೇವೆ ಎಂಬ ಮಾತು ಮೇಲಿನಿಂದ ಬಂದಿತ್ತು, ಪಕ್ಕದ ಊರಿನವರು ಜಾಗ ಹುಡುಕುತ್ತಿದ್ದರು. ಹರಕೆಯ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಸಾಕಮ್ಮ. ಪ್ರತಿ ವರ್ಷ ಏಳನೇ ಕ್ಲಾಸು ಮುಗಿಸಿದ ಹೆಣ್ಣುಮಕ್ಕಳು ಪುಸ್ತಕ ಕಟ್ಟಿಟ್ಟು ಸಗಣಿ ಬಾಚಲು ಹೋಗುವುದನ್ನು ಅವಳು ನೋಡಿ ನೋಡಿ ಬೇಸತ್ತಿದ್ದಳು. ಚಿಕ್ಕನಾಯಕನಹಳ್ಳಿಯ ತನಕ ಬಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಕಳಿಸುವವರು ಯಾರೂ ಇರಲಿಲ್ಲ. ಅವಳ ಹಾಗೆ ಹಟ ಹಿಡಿಯುವವರೂ ಇರಲಿಲ್ಲ.

ಕಲ್ಲಮ್ಮ ಬದುಕಿ ಮನೆಗೆ ಬಂದಳು. ಎಡವಟ್ಟು ಶುರುವಾದದ್ದು ಆಮೇಲೆ.

ಮನೆಯ ತೋಟಗಳನ್ನೆಲ್ಲ ನೆಟ್ಟ ಲಕ್ಕಯ್ಯ ಹಗ್ಗ, ಗೂಟ ಹಿಡಿದು ಎರಡು ಎಕರೆ ಅಳೆದ. ಮರದಿಂದ ಮರಕ್ಕೆ ಮೂವತ್ತು ಅಡಿ, ಬದುವಿನಿಂದ ಹದಿನೈದು ಅಡಿ, ಇದು ಕರಿಬಸವಯ್ಯನವರ ಅಪ್ಪನ ಕಾಲದಿಂದ ಬಂದ ಕಟ್ಟು. ಒಂದು ಸಾಲಿಗೆ ಹತ್ತು, ಒಟ್ಟು ಒಂಬತ್ತು ಸಾಲು. ತೊಂಬತ್ತಕ್ಕೆ ಭೂಮಿ ಮುಗಿಯಿತು. ಒಂದು ಕಡೆ ರಸ್ತೆ, ಮೂರು ಕಡೆ ಬೇರೆಯವರ ಹೊಲ. ಹತ್ತಿರ ಹತ್ತಿರ ನೆಟ್ಟರಾಯಿತು ಎಂದು ನಾಲ್ಕು ಜನ ಹೇಳಿದರು. ಗರಿಗೆ ಗರಿ ಸಿಕ್ಕಿಕೊಂಡು ಕಾಯಿ ಕಚ್ಚದ ಮರವನ್ನು ದೇವರ ಹೆಸರಲ್ಲಿ ನೆಡುವುದಿಲ್ಲ ಎಂದರು ಕರಿಬಸವಯ್ಯನವರು. ತೊಂಬತ್ತೇ ನೆಡಿ ಎಂದವರ ಮೇಲೆ ಇನ್ನೂ ಸಿಟ್ಟಾದರು. ನೂರೊಂದು ಎಂದು ಬಾಯಿಬಿಟ್ಟು ಹೇಳಿದ ಮೇಲೆ ಒಂದು ಕಮ್ಮಿಯಾದರೂ ಅದು ಹರಕೆಯಲ್ಲ. ಕೊನೆಗೆ ಊರ ಹಿರಿಯರು ದಾರಿ ತೋರಿಸಿದರು. ಮಠದ ಗದ್ದುಗೆಗೆ ಬೆಳ್ಳಿಯ ಕವಚ ಮಾಡಿಸಿ ಹರಕೆಯನ್ನು ಬದಲಿಸಿಕೊಳ್ಳಬಹುದು, ಜಮೀನು ಮನೆಯಲ್ಲೇ ಉಳಿಯುತ್ತದೆ. ರೇವಣಸಿದ್ದಯ್ಯ ಆ ಜಾಗದಲ್ಲಿ ಕೊಬ್ಬರಿ ಗೋಡೌನ್ ಕಟ್ಟಲು ಒಳಗೊಳಗೇ ಇಟ್ಟಿಗೆಯ ರೇಟು ವಿಚಾರಿಸಿದ್ದ.

ಸಾಕಮ್ಮ ಅಪ್ಪನ ಮುಂದೆ ಹೋಗಿ ನಿಂತಳು. ಕೊಬ್ಬರಿ ಜೋಡಿಸಿದ ಹಾಗೆ ಒಂದರ ಸುತ್ತ ಆರು ಬರುವಂತೆ ನೆಟ್ಟರೆ ಮೂವತ್ತು ಅಡಿ ಬಿಟ್ಟೂ ನೂರೊಂದು ಹಿಡಿಸುತ್ತದೆ ಎಂದಳು. ರೇವಣಸಿದ್ದಯ್ಯ ಹಣೆ ಚಚ್ಚಿಕೊಂಡ. ಕರಿಬಸವಯ್ಯನವರು ಮಾತ್ರ, ಗೂಟ ಹೊಡೆದು ತೋರಿಸು, ಮುಂಗಾರಿಗೆ ಮೊದಲು ತೀರ್ಮಾನವಾಗಬೇಕು ಎಂದರು. ಮಗಳ ಮೇಲಿನ ನಂಬಿಕೆಯಿಂದಲ್ಲ, ಬೆಳ್ಳಿ ಕವಚ ಅವರ ಮನಸ್ಸಿಗೆ ಒಪ್ಪಿರಲಿಲ್ಲ.

ಸ್ಕೂಲಿಗೆ ಹೋಗುವ ಅವಸರದಲ್ಲಿ ಸಾಕಮ್ಮ ಲಕ್ಕಯ್ಯನಿಗೆ, ಮೊದಲ ಸಾಲಿನ ಎರಡು ಗೂಟಗಳ ನಡುವೆ ಎರಡನೇ ಸಾಲಿನ ಗೂಟ ಬರಲಿ, ಹಾಗೇ ಕೊನೆಯ ತನಕ ಎಂದು ಹೇಳಿ ಹೋದಳು. ಲಕ್ಕಯ್ಯ ಹೇಳಿದಂತೆಯೇ ಮಾಡಿದ. ಆದರೆ ಸಾಲಿನಿಂದ ಸಾಲಿಗೆ ಮೂವತ್ತು ಅಡಿ ಎಂಬುದು ಅವನ ಕೈಗೆ ಅಂಟಿಹೋದ ಅಳತೆ. ಹೇಳಿದ್ದರೂ ಬಿಡುತ್ತಿದ್ದನೋ ಇಲ್ಲವೋ, ಹೇಳಿದವರೂ ಯಾರೂ ಇರಲಿಲ್ಲ. ಸಾಲು ಒಂಬತ್ತೇ ಬಿದ್ದವು, ಅದರಲ್ಲಿ ಒಂದು ಬಿಟ್ಟು ಒಂದು ಸಾಲಿಗೆ ಒಂಬತ್ತೇ ಗೂಟ. ಸಂಜೆ ಊರಿನವರೆಲ್ಲ ಎಣಿಸಲು ಬಂದರು. ಎಂಬತ್ತಾರು.

"ನಮ್ಮಕ್ಕನ ಆರು ಇದ್ದ ನಾಲ್ಕನ್ನೂ ನುಂಗ್ಬುಡ್ತು" ಎಂದ ರೇವಣಸಿದ್ದಯ್ಯ. ನಗು ಬದುವಿನಿಂದ ಬದುವಿಗೆ ಹರಿಯಿತು. ಆರಮ್ಮ ಎಂದು ಕರೆಯುತ್ತಿದ್ದವರು ಅಂದು ಬೇಕೆಂದೇ ಸಾಕಮ್ಮ ಎಂದು ಕರೆದರು. ಅವಳ ಶಿಷ್ಯೆಯರು ಕೂಡ ಅಲ್ಲೇ ಇದ್ದರು, ನೆಲ ನೋಡುತ್ತಿದ್ದರು. ಅಪ್ಪ ಮಗಳ ಮುಖ ನೋಡಿದರು, ಏನೂ ಹೇಳದೆ ಹೊರಟುಹೋದರು. ಸಾಕಮ್ಮನಿಗೆ ಹುಳಿಯಾರಿನ ನೆಂಟರು ಬಂದ ದಿನವೇ ಮರಳಿ ಬಂದ ಹಾಗಾಯಿತು. ಹೈಸ್ಕೂಲು ಹೋಯಿತಲ್ಲ ಎಂಬ ಸಂಕಟಕ್ಕೆ ಈ ಅವಮಾನವೂ ಸೇರಿ, ಮನೆಗೆ ಬಂದವಳೇ ಒಲೆಯ ಮುಂದೆ ಕೂತು ಬಿಕ್ಕಿದಳು. ಅವಳು ಅಳುವುದನ್ನು ತೋಂಟದಾರ್ಯ ನೋಡಿದ್ದು ಅದೇ ಮೊದಲು. ಅಂದು ಅವನೇ ಸಾರಿಗೆ ಒಗ್ಗರಣೆ ಹಾಕಿದ.

ಮಾರನೆಯ ಬೆಳಿಗ್ಗೆ ಅವಳು ತವರಿನ ಅಟ್ಟ ಹತ್ತಿದಳು. ಒಂದೇ ಅಳತೆಯ ಕೊಬ್ಬರಿ ಆರಿಸಿ ಎರಡು ಸಾಲು ಜೋಡಿಸಿದಳು. ಲೆಕ್ಕ ತಪ್ಪುವುದಿಲ್ಲ, ತಪ್ಪಿದ್ದರೆ ಈ ಕೊಬ್ಬರಿಯೂ ತಪ್ಪಬೇಕಿತ್ತು ಎಂದು ದಿಟ್ಟಿಸಿ ನೋಡಿದಳು. ಎರಡನೇ ಸಾಲಿನ ಕೊಬ್ಬರಿ ಬರೀ ಪಕ್ಕಕ್ಕೆ ಸರಿದಿರಲಿಲ್ಲ, ಮೊದಲ ಸಾಲಿನ ಸಂದಿಯೊಳಕ್ಕೆ ಇಳಿದು ಕೂತಿತ್ತು. ಕೊಬ್ಬರಿಗೆ ಕೊಬ್ಬರಿ ತಾಗಿಯೇ ಇದ್ದರೂ ಸಾಲಿಗೆ ಸಾಲು ಹತ್ತಿರ ಬಂದಿತ್ತು. ಲಕ್ಕಯ್ಯ ಗೂಟವನ್ನು ಸರಿಸಿದ್ದ, ಇಳಿಸಿರಲಿಲ್ಲ. ಹಾಗೆ ಇಳಿದರೆ ಎಷ್ಟು ಸಾಲು ಎಂದು ಅಟ್ಟದ ಹಲಗೆಯ ಮೇಲೆ ಇದ್ದಿಲಿನಲ್ಲೇ ಗುಣಿಸಿದಳು. ಹನ್ನೊಂದು ಬಂತು, ಕೂದಲೆಳೆಯ ಅಂತರದಲ್ಲಿ. ಇಷ್ಟು ಸಣ್ಣದನ್ನು ಹೇಳಿಕೊಡದೆ ಸ್ಕೂಲಿಗೆ ಓಡಿದ ತನಗೇ ಬೈದುಕೊಂಡು, ಅವತ್ತು ರಜ ಹಾಕಿದಳು.

ಸಾಲಿನ ಅಳತೆಯನ್ನೇ ಕೈಬಿಟ್ಟಳು. ಹೊಸ ಹಗ್ಗ ಹಿಗ್ಗುತ್ತದೆ ಎಂದು ಬಾವಿಯ ಹಳೆಯ ಹಗ್ಗ ತಂದು, ಎರಡು ತುದಿ ಸೇರಿಸಿ ಬಿಗಿದು, ಮೂವತ್ತು ಅಡಿಗೊಂದರಂತೆ ಮೂರು ಗಂಟು ಹಾಕಿದಳು. ಒಂದು ಗಂಟು ಲಕ್ಕಯ್ಯನ ಕೈಗೆ, ಇನ್ನೊಂದು ತಮ್ಮನ ಕೈಗೆ. ಅವರಿಬ್ಬರೂ ಮೊದಲ ಸಾಲಿನ ಅಕ್ಕಪಕ್ಕದ ಗೂಟಗಳಿಗೆ ಗಂಟು ಒತ್ತಿ ನಿಲ್ಲಬೇಕು, ಅವಳು ಮೂರನೇ ಗಂಟು ಹಿಡಿದು ಹಗ್ಗ ಬಿಗಿಯಾಗುವ ತನಕ ಎಳೆಯಬೇಕು. ಅವಳ ಕಾಲು ನಿಂತಲ್ಲಿ ಹೊಸ ಗೂಟ.

ಮೂರನೇ ಸಾಲು ಮುಗಿಯುವಷ್ಟರಲ್ಲಿ ಲಕ್ಕಯ್ಯನ ಮುಖ ಗಂಟಾಯಿತು. ಸಾಲು ಒತ್ತಾಯಿತು, ಗರಿ ಸಿಕ್ಕಿಕೊಳ್ಳುತ್ತೆ, ಯಜಮಾನರು ಒಪ್ಪಲ್ಲ ಎಂದ. ಯಜಮಾನರೇ ತಮ್ಮ ಅಳತೆ ಹಗ್ಗ ಹಿಡಿದು ಬಂದರು. ನಡುಸಾಲಿನ ಒಂದು ಗೂಟಕ್ಕೆ ಹಗ್ಗದ ತುದಿ ಕಟ್ಟಿ, ಸುತ್ತಲಿನ ಗೂಟಗಳನ್ನು ಒಂದೊಂದಾಗಿ ಅಳೆದರು. ಮೂವತ್ತು. ಇನ್ನೊಂದು, ಮೂವತ್ತು. ಸುತ್ತು ಹಾಕಿ ಬಂದರೆ ಆರು ಗೂಟ, ಯಾವುದೂ ಒಂದು ಬೆರಳು ಒಳಗಿರಲಿಲ್ಲ. ನಂಬಿಕೆ ಬರಲಿಲ್ಲ. ಬೇರೆ ಗೂಟದ ಸುತ್ತ ಅಳೆದರು. ಅಲ್ಲೂ ಆರು, ಅಲ್ಲೂ ಮೂವತ್ತು.

"ಹೊಡಿಯೋ ಲಕ್ಕಯ್ಯ" ಎಂದರು. ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಮತ್ತೆ ಊರು ನೆರೆದಿತ್ತು, ಈ ಸಲ ಯಾರೂ ನಗುತ್ತಿರಲಿಲ್ಲ. ಒಂಬತ್ತು ಸಾಲು ಮುಗಿದು ನೆಲ ಇನ್ನೂ ಉಳಿದಿತ್ತು. ಹತ್ತನೆಯದೂ ಬಿತ್ತು. ಅಷ್ಟಕ್ಕೆ ತೊಂಬತ್ತೈದು. ಹನ್ನೊಂದನೆಯ ಸಾಲು ಬದುವಿನಿಂದ ಹದಿನೈದು ಅಡಿ ಒಳಗೆ ಬೀಳುತ್ತದೆಯೋ ಇಲ್ಲವೋ ಎಂಬುದರ ಮೇಲೆಯೇ ಎಲ್ಲ ನಿಂತಿತ್ತು. ಬೀಳದಿದ್ದರೆ ಹರಕೆಯೂ ಇಲ್ಲ, ಹೈಸ್ಕೂಲೂ ಇಲ್ಲ. ಸಾಕಮ್ಮ ಗಂಟು ಹಿಡಿದು ಎಳೆದಳು, ಹಗ್ಗ ಬಿಗಿಯಾಯಿತು, ಹಿಮ್ಮಡಿ ಊರಿ ನಿಂತಳು. ರೇವಣಸಿದ್ದಯ್ಯ ಹಗ್ಗ ಬಿಟ್ಟು ಓಡಿಬಂದು ಬದುವಿನಿಂದ ತಾನೇ ಅಳೆದ. ಬಗ್ಗಿ ಇನ್ನೊಂದು ಸಲ ಅಳೆದ. ಹದಿನೈದು ಅಡಿ ಬಿಟ್ಟು, ಮೇಲೆ ಗೇಣಿಗೆ ಎರಡು ಬೆರಳು ಕಮ್ಮಿ ಜಾಗ ಉಳಿದಿತ್ತು. ಅವನು ಗೋಡೌನ್ ಆಸೆಯನ್ನು ಅಲ್ಲೇ ಕೊಡವಿಕೊಂಡು ಎದ್ದು, "ಸೋತೆ ಕಣಕ್ಕ, ಹೊಡ್ಸು ಗೂಟವ" ಎಂದ.

ಹುಡುಗಿಯರು ಕೂಗಿ ಎಣಿಸಿದರು. ಕೂಗು ಕಂದಿಕೆರೆಗೆ ಕೇಳಿಸಿತು ಎಂದು ಲಕ್ಕಯ್ಯ ಆಮೇಲೆ ಹೇಳುತ್ತಿದ್ದ. ನೂರೊಂದರಲ್ಲಿ ನಿಲ್ಲಬೇಕಾದದ್ದು ನೂರೈದಕ್ಕೆ ಹೋಯಿತು. ನಾಲ್ಕು ಹೆಚ್ಚಿಗೆ ಆಯ್ತಲ್ಲ ಎಂದು ಯಾರೋ ಅಂದರು. ಹೆಚ್ಚಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕಮ್ಮ ತಿರುಗಿ ನಿಂತಳು. ಹೆಚ್ಚಿಗೆ ಅಲ್ಲ, ರಸ್ತೆ ಕಡೆಯ ಮೂಲೆಯ ಆ ನಾಲ್ಕು ಗೂಟ ಕಿತ್ತರೆ ಹೈಸ್ಕೂಲಿನ ಮೊದಲ ಕೊಠಡಿಗೆ ಜಾಗ ಎಂದಳು. ಅವಳು ಅದನ್ನು ಮೊದಲೇ ಯೋಚಿಸಿದ್ದಳೋ, ಆ ಕ್ಷಣದ ಸಿಟ್ಟಿಗೆ ಹೊಳೆಯಿತೋ, ಕೇಳಿದರೆ ಕೊನೆಯವರೆಗೂ ಸರಿಯಾಗಿ ಹೇಳಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಆ ಮೂಲೆಯಲ್ಲೇ ಹೈಸ್ಕೂಲು ಶುರುವಾಯಿತು. ಮೊದಲ ವರ್ಷ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ಆರನೇ ವರ್ಷಕ್ಕೆ ಮರಗಳು ಹೊಂಬಾಳೆ ಒಡೆದವು. ಆರನೇ ವರ್ಷ ಎಂಬುದನ್ನು ಅವಳು ಊರಿಗೆಲ್ಲ ಹೇಳಿಕೊಂಡು ಬಂದಳು, ನಡುವೆ ಎರಡು ಮರ ಐದಕ್ಕೇ ಒಡೆದಿದ್ದವು, ಅದನ್ನು ಹೇಳಲಿಲ್ಲ. ಸುತ್ತಲ ಊರಿನವರು ಗಂಟು ಹಾಕಿದ ಹಗ್ಗವನ್ನು ಕೇಳಿ ಒಯ್ಯತೊಡಗಿದರು. ಇದನ್ನೆಲ್ಲ ಹೇಳಿಯಾಯಿತು, ಆದರೆ ನೆಟ್ಟ ದಿನದ ಮಾತು ಉಳಿದಿದೆ.

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಕರಿಬಸವಯ್ಯನವರು ಹೇಳಿ ಕಳಿಸಿ ಆರೂ ಹೆಣ್ಣುಮಕ್ಕಳನ್ನು ಕರೆಸಿದರು. ತೋಟದ ನಡುವಿನ ಗುಂಡಿಗೆ ಕಲ್ಲಮ್ಮ ಸಸಿ ಇಟ್ಟಳು. ಆಪರೇಷನ್ ಆದ ಹೊಟ್ಟೆ, ಬಗ್ಗಲು ಕಷ್ಟವಾಗುತ್ತಿತ್ತು, ಆದರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಸುತ್ತಲಿನ ಆರು ಗುಂಡಿಗೆ ಆರು ಮಕ್ಕಳು, ಹುಟ್ಟಿದ ವರಸೆಯಲ್ಲೇ ನಿಂತರು. ಹೇಗೆ ನಿಲ್ಲಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕರಿಬಸವಯ್ಯನವರಿಗೆ ಅಳತೆಯ ಚಟ, ಹಗ್ಗ ಹಿಡಿದು ಮತ್ತೆ ಸುತ್ತು ಹೊರಟರು. ಹೆಂಡತಿಯಿಂದ ಒಬ್ಬೊಬ್ಬ ಮಗಳಿಗೆ, ಮಗಳಿಂದ ಮಗಳಿಗೆ. ದೊಡ್ಡವಳಿಂದ ಐದನೆಯವಳ ತನಕ ಬಂದು, ಕೊನೆಗೆ ಸಾಕಮ್ಮನ ಗುಂಡಿಯ ಹತ್ತಿರ ನಿಂತರು. ಅವಳ ಒಂದು ಪಕ್ಕ ಐದನೆಯ ಅಕ್ಕ, ಇನ್ನೊಂದು ಪಕ್ಕ ದೊಡ್ಡಕ್ಕ. ಎರಡೂ ಕಡೆ ಅಳೆದರು. ಹಗ್ಗ ಕೈಯಲ್ಲೇ ಉಳಿಯಿತು.

ಅಟ್ಟದ ಮೇಲೆ ಅವ್ವ ಹೇಳಿದ ಮಾತು ಅವರಿಗೆ ಗೊತ್ತಿರಲಿಲ್ಲ. ಅದನ್ನು ಸಾಕಮ್ಮ ಯಾರಿಗೂ ಹೇಳಿದವಳಲ್ಲ.

"ನೋಡೇ" ಎಂದರು ಹೆಂಡತಿಯ ಕಡೆ ತಿರುಗಿ. "ಇವಳೊಬ್ಬಳು ಇಲ್ದಿದ್ರೆ ಇಲ್ಲಿ ಸಂದು ಬೀಳ್ತಿತ್ತು ಕಣೇ."

ಊರಿಗೆಲ್ಲ ಉತ್ತರ ಕೊಟ್ಟ ಸಾಕಮ್ಮ ಗುಂಡಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಸಸಿಯ ಬುಡಕ್ಕೆ ಎರಡೂ ಕೈಯಲ್ಲಿ ಮಣ್ಣು ಒತ್ತುತ್ತ, ಎಲ್ಲರ ಎದುರಿಗೇ ಅತ್ತಳು, ಅಳುತ್ತಲೇ ನಕ್ಕಳು. ಅಪ್ಪ ಪಕ್ಕದಲ್ಲಿ ಕೂತು ಅವಳ ಜೊತೆ ಮಣ್ಣು ಒತ್ತಿದರು.

ನಡುವಿನ ಗುಂಡಿಯಿಂದ ಕಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಇಬ್ಬರನ್ನೂ ನೋಡಿದಳು.

"ಅದನ್ನ ನಾನು ಯಾವಾಗ್ಲೋ ಹೇಳಿದ್ದೆ ಬುಡಿ" ಎಂದಳು. "ಈಗ ನೀರು ಹಾಕ್ಸಿ."